ಸಕ್ಕರೆ ಆರತಿ ಬಾರದ ಹುಣ್ಣಿಮೆ

ನಾನು ಚಿಕ್ಕವನಿದ್ದಾಗ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಈಗ ನಿಮ್ಮ ಅಜ್ಜ ದಿನವೆಲ್ಲ ಕಟ್ಟೆಯ ಮೇಲೆ ಕೂತು ನಾಲ್ಕು ಮಾತು ಸಹ ಆಡುವುದಿಲ್ಲ ಎಂದು ನೀವು ನಗುತ್ತೀರಿ. ಆಗ ಹಾಗಿರಲಿಲ್ಲ. ಕಂಡದ್ದು, ಕೇಳಿದ್ದು, ಅರ್ಧ ತಿಳಿದದ್ದು, ಪೂರ್ತಿ ತಿಳಿಯದ್ದು, ಎಲ್ಲವನ್ನೂ ಒದರಿಕೊಂಡು ತಿರುಗುತ್ತಿದ್ದೆ. ನಮ್ಮೂರು ಶಲವಡಿಯ ನಮ್ಮ ಓಣಿಯಲ್ಲಿ ಯಾರ ಎಮ್ಮೆ ಈಯಿತು, ಯಾರ ಮನೆಯಲ್ಲಿ ಸಾರು ಉಪ್ಪಾಯಿತು ಎಂಬ ಸುದ್ದಿ ಮೊದಲು ನನ್ನಿಂದಲೇ ಹೊರಡುತ್ತಿತ್ತು. ಆ ಬಾಯಿ ಒಂದು ದಿನ ಏನು ಮಾಡಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮೊನ್ನೆ ನೀವು ಶಾಲೆಯ ಪುಸ್ತಕ ತಂದು, ಚಂದ್ರ ಯಾಕೆ ಹೊಳೆಯುತ್ತಾನೆ, ಯಾಕೆ ಸಣ್ಣ ದೊಡ್ಡ ಆಗುತ್ತಾನೆ ಎಂದು ಕೇಳಿದಿರಲ್ಲ, ಅದಕ್ಕೆ ಹೇಳಬೇಕಾಗಿ ಬಂತು. ಚಂದ್ರನ ಮಾತು ಬಂದರೆ ನನಗೆ ಅಕ್ಕನ ನೆನಪು ಬರುತ್ತದೆ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಪ್ಪ ಊರಿನ ಶಾಲೆಯಲ್ಲಿ ಮಾಸ್ತರ. ಅವ್ವನಿಗೆ ಹೊಲ, ದನ, ಅಡುಗೆ ಎಂದು ಪುರುಸೊತ್ತೇ ಇರುತ್ತಿರಲಿಲ್ಲ. ಹಾಗಾಗಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಅವಳ ಸೆರಗಿಗೆ ಯಾವಾಗಲೂ ಹುರಿದ ಶೇಂಗಾದ ವಾಸನೆ, ಯಾಕೆಂದರೆ ನನಗಾಗಿ ಒಂದು ಹಿಡಿ ಶೇಂಗಾ ಅದರ ತುದಿಯಲ್ಲಿ ಗಂಟು ಹಾಕಿಟ್ಟಿರುತ್ತಿದ್ದಳು. ಆ ವರ್ಷ ಬೇಸಿಗೆಯಲ್ಲಿ ಅವಳ ಮದುವೆ ನಿಶ್ಚಯವಾಯಿತು. ಹುಡುಗನದು ನಮ್ಮೂರಿನಿಂದ ಎರಡು ಊರು ಆಚೆ. ನೋಡಲು ಬಂದ ದಿನ ಅಕ್ಕ ಚಹಾ ಕೊಟ್ಟು ಬಂದಳು, ನಾಚಿಕೆಯಿಂದ ತಲೆ ಎತ್ತಿ ನೋಡಲೇ ಇಲ್ಲ. ಅವರು ಹೋದ ಮೇಲೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಹುಡುಗ ಹೇಗಿದ್ದಾನೆ ಎಂದು ಕೇಳಿದಳು. ನಕ್ಕರೆ ಅವನ ಕಿವಿ ಅಲುಗಾಡುತ್ತವೆ ಎಂದೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ವಾರದಲ್ಲಿ ಮೂರು ಸಲವಾದರೂ ಶೇಂಗಾ ಕೊಟ್ಟು ಅದೇ ಮಾತನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು.

ಶ್ರಾವಣದಲ್ಲಿ ಅವಳ ಎಡಗಾಲಿನ ಹರಡಿನ ಮೇಲೆ, ಪಾದದ ಗಂಟಿನ ಹತ್ತಿರ, ಒಂದು ಬಿಳಿ ಕಲೆ ಕಾಣಿಸಿತು. ಮೊದಲು ಕಡಲೆ ಕಾಳಿನಷ್ಟಿತ್ತು. ನವರಾತ್ರಿ ಹೊತ್ತಿಗೆ ಅಂಗೈಯ ನಡುವಿನಷ್ಟಾಯಿತು. ನೋವಿಲ್ಲ, ತುರಿಕೆಯಿಲ್ಲ, ಬಣ್ಣ ಮಾತ್ರ ಹೋಗಿತ್ತು. ಅದು ತೊನ್ನು. ಅದು ಅಂಟುವ ರೋಗವಲ್ಲ ಎಂದು ನಿಮ್ಮ ಪುಸ್ತಕದಲ್ಲಿ ಬರೆದಿರಬಹುದು. ಆಗ ಆ ಹೆಸರನ್ನು ಗಟ್ಟಿಯಾಗಿ ಹೇಳಲೂ ಜನ ಹೆದರುತ್ತಿದ್ದರು. ಅವ್ವ ಅಕ್ಕನ ಸೀರೆಯನ್ನು ಹಿಮ್ಮಡಿ ಮುಚ್ಚುವ ಹಾಗೆ ಇಳಿಬಿಟ್ಟು ಉಡಿಸತೊಡಗಿದಳು. ಯಾವನೋ ವೈದ್ಯ ಕೊಟ್ಟ ಬೀಜಗಳನ್ನು ಕಲ್ಲಿನ ಮೇಲೆ ಅರೆದು, ಬಾಗಿಲು ಮುಚ್ಚಿ ಹಚ್ಚುತ್ತಿದ್ದಳು. ಯಾರಿಗೂ ಹೇಳಕೂಡದು ಎಂದು ನನ್ನ ಕಿವಿ ಹಿಂಡಿ ಹೇಳಿದ್ದಳು.

ಬೀಗರಿಗೆ ಹೇಳಿಬಿಡೋಣ, ಮುಚ್ಚಿಟ್ಟು ಮದುವೆ ಮಾಡುವುದು ಸರಿಯಲ್ಲ ಎಂದು ಅಪ್ಪ ಅನ್ನುತ್ತಿದ್ದ. ಅವ್ವ ಕಣ್ಣೀರು ಹಾಕಿ ಅವನ ಬಾಯಿ ಮುಚ್ಚಿಸುತ್ತಿದ್ದಳು. ಗೌರಿ ಹುಣ್ಣಿಮೆಯ ಆರತಿ ಬಂದು ಹೋಗಲಿ, ಆಮೇಲೆ ಹೇಳೋಣ ಎಂಬುದು ಅವಳ ಮಾತು. ನಮ್ಮ ಕಡೆ ಮದುವೆ ಗೊತ್ತಾದ ಹುಡುಗಿಗೆ ದೀಪಾವಳಿಯ ನಂತರದ ಹುಣ್ಣಿಮೆಗೆ ಬೀಗರ ಮನೆಯಿಂದ ಸಕ್ಕರೆ ಆರತಿ ಬರುತ್ತದೆ. ಅಚ್ಚಿನಲ್ಲಿ ಎರೆದ ಸಕ್ಕರೆಯ ಆನೆ, ನವಿಲು, ತೇರು, ಅದರ ಜೊತೆ ಹೊಸ ಸೀರೆ, ಬಳೆ, ಹೂವಿನ ದಂಡೆ. ಅದನ್ನು ತಟ್ಟೆಯಲ್ಲಿಟ್ಟು ದೀಪ ಹಚ್ಚಿಕೊಂಡು ಹುಡುಗಿ ಊರೆಲ್ಲ ನೋಡುವಂತೆ ಗೌರಿಗೆ ಬೆಳಗಲು ಹೋಗುತ್ತಾಳೆ. ಆರತಿ ಬಂತೆಂದರೆ ಮಾತು ಗಟ್ಟಿಯಾದಂತೆ. ಬರಲಿಲ್ಲವೆಂದರೆ ಯಾಕೆ ಬರಲಿಲ್ಲ ಎಂದು ಊರೇ ಕೇಳುತ್ತದೆ. ಅಪ್ಪ ಅವ್ವನ ಕಣ್ಣೀರಿಗೆ ಸೋತು ಸುಮ್ಮನಾದ.

ದೀಪಾವಳಿ ಅಮಾವಾಸ್ಯೆಗೆ ಮನೆಗೆ ಸುಣ್ಣ ಬಳಿದೆವು. ಅಲ್ಲಿಂದ ಹದಿನೈದು ದಿನ ಎಣಿಸುವುದೇ ನನಗೂ ಅಕ್ಕನಿಗೂ ಕೆಲಸ. ದಿನಾ ಹೊತ್ತು ಮುಳುಗುವಾಗ ನಿಚ್ಚಣಿಕೆ ಹತ್ತಿ ಮಣ್ಣಿನ ಮಾಳಿಗೆಯ ಮೇಲೆ ಹೋಗುತ್ತಿದ್ದೆವು. ಅಲ್ಲಿ ಬಿಡಿಸಿದ ಹತ್ತಿ ಹರವಿರುತ್ತಿತ್ತು. ಬಿಸಿಲಿನ ಕಾವು ಅದರೊಳಗೆ ಇನ್ನೂ ಉಳಿದಿರುತ್ತಿತ್ತು, ಅಂಗಾಲಿಗೆ ಬೆಚ್ಚಗೆ ತಾಗುತ್ತಿತ್ತು. ಮೂರನೆಯ ದಿನ ಪಡುವಣದಲ್ಲಿ ಉಗುರಿನ ತುದಿಯಷ್ಟು ಚಂದ್ರ ಕಂಡ. ಅಕ್ಕನ ಕಣ್ಣು ಚುರುಕು. ಆ ಸಣ್ಣ ಗೆರೆಯ ಒಳಗೆ ಉಳಿದ ದುಂಡು ಭಾಗವೂ ಮಸುಕಾಗಿ ಕಾಣುತ್ತಿರುವುದನ್ನು ಅವಳೇ ನನಗೆ ತೋರಿಸಿದಳು.

ಚಂದ್ರ ಬೆಳೆಯುತ್ತಿದ್ದ ಹಾಗೆ ಅಕ್ಕನ ಕಲೆಯೂ ಬೆಳೆಯುತ್ತಿದೆ ಎಂದು ನನಗೆ ಅನಿಸತೊಡಗಿತು. ಆ ತಲೆಬಿಸಿ ನನಗೆ ಹತ್ತಿಸಿದವಳು ಅವ್ವ. ಹುಣ್ಣಿಮೆ ದಾಟಲಿ, ಚಂದ್ರ ಕರಗಿದ ಹಾಗೆ ಅದೂ ಕರಗುತ್ತದೆ ಎಂದು ಅಕ್ಕನಿಗೆ ಧೈರ್ಯ ಹೇಳುತ್ತಿದ್ದಳು. ಅಕ್ಕ ನಂಬಿದಳೋ ಇಲ್ಲವೋ, ನಾನಂತೂ ಪೂರ್ತಿ ನಂಬಿದೆ.

ಅಷ್ಟಮಿಯ ದಿನ ಅಪ್ಪ ಮಧ್ಯಾಹ್ನದ ಮೇಲೆ ಬೇಗ ಮನೆಗೆ ಬಂದ. ಆಕಾಶದಲ್ಲಿ ಹಗಲಿನಲ್ಲೇ ಅರ್ಧ ಚಂದ್ರ ಬೆಳ್ಳಗೆ ನಿಂತಿದ್ದ. ಹಗಲು ಇವನಿಗೇನು ಕೆಲಸ, ಉಳಿದರ್ಧ ಎಲ್ಲಿ ಹೋಯಿತು, ಯಾರು ತಿಂದರು ಎಂದು ನಾನು ಪೀಡಿಸಿದೆ. ಬೇರೆ ದಿನವಾಗಿದ್ದರೆ ಅಪ್ಪ ತಲೆಗೆ ಮೊಟಕಿ ಹೋಗುತ್ತಿದ್ದ. ಅವತ್ತು ಅವನಿಗೂ ಮನಸ್ಸು ಭಾರವಾಗಿತ್ತು, ಬೇರೆ ಏನಾದರೂ ಮಾತು ಬೇಕಿತ್ತು ಎಂದು ಈಗ ಅನಿಸುತ್ತದೆ. ಅಕ್ಕನಿಗೆ ಎರೆ ಮಣ್ಣಿನ ಒಂದು ಉಂಡೆ ಮಾಡಲು ಹೇಳಿದ. ಉಳಿದ ಸುಣ್ಣದಲ್ಲಿ ಅದನ್ನು ಅದ್ದಿ, ಜೋಳದ ದಂಟಿನ ತುದಿಗೆ ಚುಚ್ಚಿದ. ಮೂವರೂ ಮಾಳಿಗೆ ಹತ್ತಿದೆವು.

ಉಂಡೆಯನ್ನು ಚಂದ್ರನ ಬಾಜೂಕ್ಕೇ ಇರುವಂತೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಲು ಹೇಳಿದ. ನೋಡಿದೆ. ಮಕ್ಕಳೇ, ಈಗಲೂ ಮೈ ಜುಮ್ಮೆನ್ನುತ್ತದೆ. ಇಳಿಬಿಸಿಲು ಬಿದ್ದ ಕಡೆ ಉಂಡೆ ಅರ್ಧ ಬೆಳ್ಳಗಿತ್ತು, ಇನ್ನರ್ಧ ನೆರಳಿನಲ್ಲಿತ್ತು. ಆಚೆ ಚಂದ್ರನೂ ಅಷ್ಟೇ, ಅದೇ ಮಗ್ಗುಲು, ಅದೇ ಅರ್ಧ. ಮಣ್ಣಿನ ಉಂಡೆಗೂ ಚಂದ್ರನಿಗೂ ಒಂದೇ ಬಿಸಿಲು ಬೀಳುತ್ತಿತ್ತು.

"ಚಂದ್ರಾಮಗ ಸ್ವಂತ ಬೆಳಕ ಇಲ್ಲ," ಅಂದ ಅಪ್ಪ. "ಬಿಸಲ ಬಿದ್ದ ಸುಣ್ಣದ ಗ್ವಾಡಿ ಹೊಳೀತೈತಲ್ಲ, ಹಂಗ ಆಂವ ಹೊಳೀತಾನ."

ಆಮೇಲೆ ಉಂಡೆಯನ್ನು ಅಕ್ಕನ ಕೈಗೆ ಕೊಟ್ಟು ನಿಂತಲ್ಲೇ ನಿಧಾನ ತಿರುಗಲು ಹೇಳಿದ. ಅವಳ ತಲೆ ಭೂಮಿ, ಉಂಡೆ ಚಂದ್ರ. ಅಕ್ಕ ಮೊದಲು ಸೂರ್ಯನ ಕಡೆ ಮುಖ ಮಾಡಿ ಕೈ ಚಾಚಿದಳು. ಉಂಡೆಯ ಆಚೆ ಮಗ್ಗುಲಿಗೆ ಬಿಸಿಲು, ಅವಳ ಕಡೆಗೆ ಬರೀ ನೆರಳು. ಅದು ಅಮಾವಾಸ್ಯೆ. ಎಡಕ್ಕೆ ಸ್ವಲ್ಪ ತಿರುಗಿದಳು, ಅಂಚಿಗೆ ಬೆಳ್ಳನೆಯ ಗೆರೆ ಮೂಡಿತು. ಇನ್ನಷ್ಟು ತಿರುಗಿದಾಗ ಅರ್ಧ. ಸೂರ್ಯನಿಗೆ ಪೂರ್ತಿ ಬೆನ್ನು ಮಾಡಿ, ತಲೆಯ ನೆರಳು ತಾಗದಂತೆ ಕೈ ಮೇಲೆತ್ತಿ ಹಿಡಿದಾಗ ಇಡೀ ಉಂಡೆ ಬೆಳಗಿತು. ಅದು ಹುಣ್ಣಿಮೆ. ಹಾಗೇ ಮುಂದೆ ತಿರುಗಿದರೆ ಮತ್ತೆ ಕಡಿಮೆಯಾಗುತ್ತ ಬಂತು. ಚಂದ್ರ ನಮ್ಮ ಸುತ್ತ ಹೀಗೆ ಒಂದು ಸುತ್ತು ಬರಲು ಸುಮಾರು ಒಂದು ತಿಂಗಳು ಬೇಕು ಎಂದ ಅಪ್ಪ. ಬಿಸಿಲು ಅವನ ಅರ್ಧ ಮೈಗೆ ಯಾವಾಗಲೂ ಬೀಳುತ್ತಲೇ ಇರುತ್ತದೆ, ಆ ಬೆಳಕಿನ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ ಎಂಬುದು ದಿನದಿನಕ್ಕೆ ಬದಲಾಗುತ್ತದೆ.

ಅಕ್ಕ ಮತ್ತೊಂದು ಸುತ್ತು ತಿರುಗಿದಳು. ತಿರುಗುವಾಗ ಸೀರೆಯ ಅಂಚು ಗಾಳಿಗೆ ಎದ್ದಿತು. ಬಿಸಿಲಿನಲ್ಲಿ ಅವಳ ಕಾಲಿನ ಬಿಳಿ ಕಲೆ ಥಟ್ಟನೆ ಕಂಡಿತು. ಅಪ್ಪನೂ ಅದನ್ನು ನೋಡಿದ, ಮುಖ ತಿರುಗಿಸಿದ. ಅಕ್ಕನಿಗೆ ಅದು ಗೊತ್ತಾಗಲಿಲ್ಲ. ಅವಳ ಕಣ್ಣೆಲ್ಲ ಉಂಡೆಯ ಮೇಲೆ.

"ಹಂಗಾರ ಅಮಾಸಿ ದಿನಾನೂ ಆಂವ ಪೂರ್ತಿ ಇರತಾನೇನಪಾ?" ಎಂದು ಕೇಳಿದಳು.

"ಯಾವಾಗಲೂ ಪೂರ್ತಿನ ಇರತಾನವಾ. ಹೆಚ್ಚು ಕಡಿಮಿ ನಮ್ಮ ಕಣ್ಣಿಗೆ ಅಷ್ಟ."

ಅಕ್ಕ ಆ ಉಂಡೆಯನ್ನು ಒಡೆಯದೆ ಇಟ್ಟುಕೊಂಡಳು. ನನಗೆ ಮಾತ್ರ ರಾತ್ರಿಯಿಡೀ ಅದೇ ಯೋಚನೆ. ಚಂದ್ರ ಬೆಳೆಯುವುದೂ ಇಲ್ಲ, ಕರಗುವುದೂ ಇಲ್ಲ. ಹಾಗಿದ್ದರೆ ಅವ್ವ ಹೇಳಿದ್ದು ಸುಳ್ಳು. ಅಕ್ಕನ ಕಾಲಿನ ಕಲೆ ಹುಣ್ಣಿಮೆ ದಾಟಿದ ಮೇಲೆ ಯಾವುದರ ಹಿಂದೆ ಕರಗಬೇಕು?

ತ್ರಯೋದಶಿಯ ದಿನ, ಅಂದರೆ ಹುಣ್ಣಿಮೆಗೆ ಎರಡು ದಿನ ಮುಂಚೆ, ಹುಡುಗನ ದೊಡ್ಡವ್ವ ನಮ್ಮ ಮನೆಗೆ ಬಂದರು. ಆರತಿಯ ಜೊತೆ ತರುವ ಬಳೆಗೆ ಅಕ್ಕನ ಕೈ ಅಳತೆ ಬೇಕಾಗಿತ್ತು. ಅವ್ವ ಅಕ್ಕನ ಹಳೆಯ ಬಳೆಯೊಂದನ್ನು ತೆಗೆದು ಅವರ ಮುಂದೆ ಚಾಪೆಯ ಮೇಲೆ ಇಟ್ಟಳು. ಪಡಸಾಲೆಯಲ್ಲಿ ಹೊಸ ಸುಣ್ಣದ ವಾಸನೆ, ಚಹಾದ ಏಲಕ್ಕಿಯ ವಾಸನೆ. ದೊಡ್ಡವ್ವ ಒಳ್ಳೆಯ ಮನುಷ್ಯರೇ. ನನ್ನ ಗಲ್ಲ ಹಿಡಿದು ಮಾತಾಡಿಸಿದರು, ಕೈಗೆ ಬೆಲ್ಲದ ಚೂರು ಇಟ್ಟರು. ಅಕ್ಕ ಬಂದು ಕಾಲಿಗೆ ಬಿದ್ದು ಕಂಬದ ಬಾಜೂಕ್ಕೆ ನಿಂತಳು. ದೊಡ್ಡವ್ವ ಕಣ್ತುಂಬ ಅವಳನ್ನು ನೋಡಿ ಅವ್ವನಿಗೆ ಹೇಳಿದರು, "ಹುಡುಗಿ ಅಗದಿ ಹುಣ್ಣಿಮಿ ಚಂದ್ರಾಮ ಇದ್ದಂಗ ಅದಾಳ್ರಿ. ನಮ್ಮ ಮನ್ಯಾಗ ದಿನಾ ಬೆಳೀಲಿ."

ಚಂದ್ರನ ಮಾತು ಬಂದದ್ದೇ ತಡ, ನನ್ನ ನಾಲಿಗೆ ತುರಿಸಿತು. ಇಡೀ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿತ್ತಲ್ಲ! ಚಂದ್ರನಿಗೆ ಸ್ವಂತ ಬೆಳಕಿಲ್ಲ, ಅದು ಸೂರ್ಯನದು ಎಂದು ಶುರುಮಾಡಿದೆ. ದೊಡ್ಡವ್ವ ನಗುತ್ತ ಕೇಳಿದರು. ಮಾಸ್ತರ ಮಗ ಶಾಣ್ಯಾ ಇದ್ದಾನೆ ಎಂದರು. ಆ ಹೊಗಳಿಕೆ ನನ್ನ ತಲೆಗೇರಿತು.

"ಚಂದ್ರಾಮ ಬೆಳಿಯೂದಿಲ್ರಿ ದೊಡ್ಡವ್ವಾ, ಹಂಗ ಕಾಣಸ್ತಾನ ಅಷ್ಟ," ಎಂದೆ. "ನಮ್ಮ ಅಕ್ಕನ ಕಾಲಾಗಿನ ಬಿಳೇದು ಮಾತ್ರ ಖರೇನ ಬೆಳ್ಯಾಕತ್ತೈತಿ."

ದೊಡ್ಡವ್ವನ ನಗೆ ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು ಆಮೇಲೆ ಹೋಯಿತು. ಅವರು ನೆಲದವರೆಗೆ ಇಳಿಬಿದ್ದ ಅಕ್ಕನ ಸೀರೆಯ ಅಂಚನ್ನು ನೋಡಿದರು.

"ಹೌದೇನ ಬೇ ತಂಗಿ?" ಎಂದು ಮೆಲ್ಲಗೆ ಕೇಳಿದರು.

ಅಕ್ಕ ತಲೆ ಎತ್ತಿದಳು. ಹುಡುಗ ನೋಡಲು ಬಂದಾಗ ಕೂಡ ಎತ್ತದ ತಲೆಯನ್ನು ಅವತ್ತು ಎತ್ತಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವ್ವ ನಡುವೆ ಬಿದ್ದು, ಅದು ಬಿಸಿನೀರು ಚೆಲ್ಲಿ ಸುಟ್ಟ ಗಾಯ, ಈ ಸಣ್ಣವನಿಗೇನು ತಿಳಿಯುತ್ತದೆ ಎಂದು ಗಡಿಬಿಡಿಯಲ್ಲಿ ಏನೇನೋ ಹೇಳಿದಳು. ಅಕ್ಕನ ಬಾಯಿ ಮುಚ್ಚಿತು. ದೊಡ್ಡವ್ವ ಚಹಾ ಪೂರ್ತಿ ಕುಡಿದರು. ಕಪ್ಪನ್ನು ಬಸಿಯ ಮೇಲೆ ಸಪ್ಪಳವಾಗದಂತೆ ಇಟ್ಟರು. ಬಸ್ಸಿನ ಹೊತ್ತಾಯಿತು ಎಂದು ಎದ್ದರು. ಅವರು ಹೋದ ಮೇಲೆ ನೋಡಿದರೆ ಅಳತೆಯ ಬಳೆ ಚಾಪೆಯ ಮೇಲೇ ಉಳಿದಿತ್ತು.

ಅವ್ವ ನನ್ನನ್ನು ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿಲ್ಲ. ಬಳೆಯನ್ನು ಕೈಯಲ್ಲಿ ಹಿಡಿದುಕೊಂಡು ಕಂಬಕ್ಕೆ ಒರಗಿ ಕೂತಳು. ಒಂದು ಏಟು ಬಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅಕ್ಕ ದನಗಳಿಗೆ ನೀರು ಇಡಲು ಹಿತ್ತಲಿಗೆ ಹೋದಳು.

ಆದರೂ ಹುಣ್ಣಿಮೆಯ ದಿನ ಅವ್ವ ಹೋಳಿಗೆ ಮಾಡಿದಳು. ಬಳೆ ಮರೆತು ಹೋಗಿರಬಹುದು, ಬಂದೇ ಬರುತ್ತಾರೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಪ್ಪ ಸಂಜೆ ನನ್ನ ಕೈ ಹಿಡಿದುಕೊಂಡು ಊರಿನ ಅಗಸಿ ಬಾಗಿಲ ತನಕ ಬಂದ. ಅಲ್ಲಿ ಬಸ್ಸು ನಿಲ್ಲುತ್ತಿತ್ತು. ಒಂದು ಕಡೆ ಸೂರ್ಯ ಜೋಳದ ಹೊಲದ ಹಿಂದೆ ಇಳಿಯುತ್ತಿದ್ದ, ಅವನಿಗೆ ಸರಿಯಾಗಿ ಎದುರು ದಿಕ್ಕಿನಲ್ಲಿ ಹತ್ತಿ ಹೊಲದ ಮೇಲೆ ಚಂದ್ರ ದೊಡ್ಡದಾಗಿ, ಕೆಂಪಾಗಿ ಏಳುತ್ತಿದ್ದ. ಅಕ್ಕ ಸೂರ್ಯನಿಗೆ ಬೆನ್ನು ಮಾಡಿ ಉಂಡೆ ಎತ್ತಿ ಹಿಡಿದದ್ದು ನೆನಪಾಯಿತು. ಅಪ್ಪ ಹೇಳಿಕೊಟ್ಟದ್ದು ಅಕ್ಷರಶಃ ಹಾಗೇ ನಡೆಯುತ್ತಿತ್ತು, ಮತ್ತು ನನಗೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಬಸ್ಸು ಬಂತು. ಇಬ್ಬರು ಹೆಂಗಸರು ಆರತಿಯ ಬುಟ್ಟಿ ಹೊತ್ತು ಇಳಿದರು. ಅವರು ಕೆಳಗಿನ ಓಣಿಯ ಬೇರೆ ಯಾರದೋ ಮನೆಯ ಬೀಗರು. ಬಸ್ಸು ಧೂಳೆಬ್ಬಿಸಿ ಹೋಯಿತು.

ಅಪ್ಪ ಬಹಳ ಹೊತ್ತು ಅಲ್ಲೇ ನಿಂತ. ಮನೆಯ ದಾರಿಯಲ್ಲಿ ನಾನು ಬಿಕ್ಕಲು ಶುರುಮಾಡಿದಾಗ ನಡಿಗೆ ನಿಲ್ಲಿಸಿ, "ಅದು ನಾ ಹೇಳಬೇಕಾದ ಮಾತಾಗಿತ್ತು," ಅಂದ. "ನಾ ಹೇಳಲಿಲ್ಲ. ಅದಕ್ಕ ನಿನ್ನ ಬಾಯಿಂದ ಬಂತು." ಅಷ್ಟು ಹೇಳಿ ಮತ್ತೆ ನಡೆದ. ಅಪ್ಪ ಅಳುವುದನ್ನು ನಾನು ನೋಡಿಲ್ಲ. ಅವತ್ತು ಅವನ ಕೈ ಮಾತ್ರ ತಣ್ಣಗಿತ್ತು.

ಮನೆಯ ಮುಂದೆ ಅಕ್ಕನ ಗೆಳತಿಯರು ಆರತಿ ತಟ್ಟೆ ಹಿಡಿದು ಬಂದು ಕರೆಯುತ್ತಿದ್ದರು. ಅವಳಿಗೆ ತಲೆನೋವು ಎಂದು ಅವ್ವ ಹೇಳಿ ಕಳಿಸಿದಳು. ಅವರ ಹಾಡು ಓಣಿಯ ತಿರುವಿನಲ್ಲಿ ಸಣ್ಣಗಾಗುತ್ತ ಹೋಯಿತು. ನಾನು ನಿಚ್ಚಣಿಕೆ ಹತ್ತಿ ಹೋದೆ. ಅಕ್ಕ ಹತ್ತಿಯ ರಾಶಿಯ ಬಾಜೂಕ್ಕೆ ಆ ಸುಣ್ಣದ ಉಂಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮೈಮೇಲೆಲ್ಲ ಬೆಳದಿಂಗಳು. ಆ ಬೆಳಕಿನಲ್ಲಿ ಕಾಲಿನ ಕಲೆ ಯಾವುದು, ಕಾಲು ಯಾವುದು ಎಂದು ತಿಳಿಯುತ್ತಿರಲಿಲ್ಲ. ನಾನು ದೂರವೇ ನಿಂತೆ. ಅವಳು ಸೆರಗಿನ ಗಂಟು ಬಿಚ್ಚಿ ಶೇಂಗಾ ಹಿಡಿದ ಕೈ ಚಾಚಿದಳು.

"ನೀ ಸುಳ್ಳೇನ ಹೇಳಿಲ್ಲಲೇ ತಮ್ಮಾ, ಬಾ," ಎಂದಳು.

ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ಮಾತು ಮರೆಯಲಿಲ್ಲ. ಅವತ್ತಿನಿಂದ ನನಗೆ ಸಕ್ಕರೆ ಗೊಂಬೆ ಸೇರುವುದಿಲ್ಲ. ನೀವು ಪ್ರತಿವರ್ಷ ಆನೆಯ ಸೊಂಡಿಲು ಮುರಿದು ನನ್ನ ಬಾಯಿಗೆ ತುರುಕಲು ಬರುತ್ತೀರಿ, ನಾನು ಹಲ್ಲುನೋವೆಂದು ನೆವ ಹೇಳುತ್ತೇನೆ.

ಆಮೇಲೆ ಬಂದ ಸಂಬಂಧಗಳಿಗೆ ಅಪ್ಪ ಮೊದಲೇ ಎಲ್ಲ ಹೇಳಿದ. ಅವರೂ ಮತ್ತೆ ಬರಲಿಲ್ಲ. ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ನಿಮ್ಮ ಅಪ್ಪನನ್ನು ಎತ್ತಿ ಆಡಿಸಿದವಳೂ ಅವಳೇ, ಅವನಿಗಾಗಿ ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡವಳೂ ಅವಳೇ. ಓಣಿಯ ಕೆಲವರು ಅವಳು ಕೊಟ್ಟ ನೀರು ಕುಡಿಯುತ್ತಿರಲಿಲ್ಲ. ಅವಳು ಅದನ್ನು ತಿಳಿದು, ಬಂದವರಿಗೆ ನೀರು ಕೊಡಲು ನನ್ನನ್ನೇ ಕರೆಯುತ್ತಿದ್ದಳು. ಕಲೆ ಕಾಲಿನಿಂದ ಕೈಗೆ, ಕೈಯಿಂದ ಕೊರಳಿಗೆ, ಮುಖಕ್ಕೆ ಬಂತು. ವರ್ಷಗಳು ಕಳೆದು, ಅವಳ ಕೂದಲು ನರೆಯುವ ಹೊತ್ತಿಗೆ ಮೈಯ ಹಳೆಯ ಬಣ್ಣವೆಲ್ಲ ಹೋಗಿ ಇಡೀ ಅಕ್ಕ ಒಂದೇ ಬಣ್ಣವಾದಳು. ಒಂದು ದಿನ ಕನ್ನಡಿ ಕೆಳಗಿಟ್ಟು ನನ್ನನ್ನು ಕರೆದಳು.

"ನೋಡಲೇ ತಮ್ಮಾ, ಈಗ ನಂದು ಹುಣ್ಣಿಮಿ ಆತು."

ಅವಳು ನಕ್ಕಳು. ನಾನು ನಗಲಾರದೆ ಎದ್ದು ಹೊರಗೆ ಹೋದೆ. ತಪ್ಪಾಯಿತು ಎಂದು ಅವತ್ತಾದರೂ ಹೇಳಬಹುದಿತ್ತು. ಊರ ಸುದ್ದಿಯನ್ನೆಲ್ಲ ಒದರಿದ ಬಾಯಿಗೆ ಅದೊಂದು ಮಾತು ಬರಲಿಲ್ಲ. ಈಗ ಹೇಳೋಣವೆಂದರೆ ಕೇಳಲು ಅಕ್ಕ ಇಲ್ಲ.

ನಿಮ್ಮ ಕಾಲ ಬೇರೆ. ಚಂದ್ರ ಇವತ್ತು ಎಷ್ಟು ಕಾಣುತ್ತಾನೆ ಎಂದು ನೀವು ಮೊಬೈಲಿನಲ್ಲಿ ಬೆರಳಾಡಿಸಿ ಹೇಳುತ್ತೀರಿ, ಮಾಳಿಗೆ ಹತ್ತುವುದೇ ಬೇಕಿಲ್ಲ. ಮಾಳಿಗೆಯೂ ಈಗ ಸಿಮೆಂಟಿನದು. ಮೊನ್ನೆ ಕಟ್ಟೆಯ ಮುಂದೆ ನೀವೆಲ್ಲ ಆಡುತ್ತಿದ್ದಾಗ ನಾನು ನೋಡುತ್ತಿದ್ದೆ. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳ ಮೊಣಕಾಲ ಮೇಲೆ ಈ ಮಳೆಗಾಲದಲ್ಲಿ ಮೂಡಿತಲ್ಲ ಬಿಳಿ ಕಲೆ, ಅದನ್ನು ನೋಡಿ ಹೊಸದಾಗಿ ಬಂದ ಒಬ್ಬ ಹುಡುಗಿ ಅದೇನೆಂದು ಕೇಳಿದಳು. ನಾನು ಅವಳ ಪರವಾಗಿ ಏನಾದರೂ ಹೇಳಬೇಕೆಂದು ಏಳುವಷ್ಟರಲ್ಲಿ ಚಿಕ್ಕವಳು ಲಂಗ ಸರಿಪಡಿಸಿಕೊಳ್ಳದೆ, "ಇದಾ? ತೊನ್ನು. ನಿನಗೇನ ಹತ್ತೂದಿಲ್ಲ, ಓಡು," ಎಂದು ಹೇಳಿ ಆಟಕ್ಕೆ ಓಡಿದಳು.

ನಾನು ಮತ್ತೆ ಕಟ್ಟೆಯ ಮೇಲೆ ಕೂತೆ. ಅವಳು ಅಷ್ಟು ಸಲೀಸಾಗಿ ಹೇಳಿ ಓಡಿದ ಮಾತನ್ನು ನಮ್ಮ ಮನೆಯಲ್ಲಿ ಅವ್ವ ಮುಚ್ಚಿಟ್ಟಳು, ಅಪ್ಪ ನಾಳೆ ನಾಳೆ ಎಂದ, ನಾನು ಬೆಲ್ಲದ ಚೂರು ಬಾಯಲ್ಲಿಟ್ಟುಕೊಂಡು ಒದರಿದೆ. ಅಕ್ಕನಿಗೆ ಅದನ್ನು ಹೇಳಲು ಒಂದೇ ಒಂದು ಸಲ ಅವಕಾಶ ಬಂದಿತ್ತು, ತಲೆ ಎತ್ತಿ ಬಾಯಿ ತೆರೆದಿದ್ದಳು. ನಾವು ಯಾರೂ ಅವಳಿಗೆ ಹೇಳಗೊಡಲಿಲ್ಲ.